ಇಲ್ಲದ ಎರಡು ಮನೆ

ಅಪ್ಪಾ,

ನಿನ್ನೆ ಬಂದು ನನ್ನ ಬಗ್ಗೆ ವಿಚಾರಿಸಿದವರು ಗಂಡಿನ ಕಡೆಯವರಲ್ಲ, ಇನ್‌ಕಮ್ ಟ್ಯಾಕ್ಸ್ ಆಫೀಸಿನವರು. "ಮಗಳಿಗೆ ಎರಡು ಮನೆ ಇವೆ, ಬಾಡಿಗೆ ಬರುತ್ತೆ" ಅಂತ ಬುರುಡೆ ಬಿಟ್ಟಿದ್ದೀರಲ್ಲ, ಅದನ್ನೆಲ್ಲ ಬರ್ಕೊಂಡು ಹೋಗಿದ್ದಾರೆ. ಈಗ ಫೋನ್ ಮಾಡಿ ಆಫೀಸಿಗೆ ಬಾ ಅಂದ್ರು. ಅಲ್ಲಿಗೇ ಹೊರಟಿದ್ದೀನಿ. ಸಂಬಳ ಕೈಗೆ ಬರೋ ಮೊದಲೇ ತೆರಿಗೆ ಹಿಡ್ಕೊಳ್ತಾರೆ, ಇನ್ನು ಇಲ್ಲದ ಮನೆಗಳಿಗೆ ಎಲ್ಲಿಂದ ತಂದು ಕಟ್ಟಲಿ?

ಮಾತ್ರೆ ಫ್ರಿಜ್ ಮೇಲಿದೆ, ಊಟ ಆದ್ಮೇಲೆ ತಗೊಳ್ಳಿ. ಬಚ್ಚಲ ನಲ್ಲಿ ಸರಿಯಾಗಿ ನಿಲ್ಲಿಸಿ. ಸಂಜೆಯೊಳಗೆ ನಾನು ಬರದಿದ್ರೆ ಚಿಕ್ಕಪ್ಪನಿಗೆ ಫೋನ್ ಮಾಡಿ.

ಅವರು ಮತ್ತೆ ಬಂದ್ರೆ, ಮಗಳು ಬರೀ ಸಂಬಳದವಳು ಅಂತ ಹೇಳಿ. ಹಾಗೆ ಹೇಳೋಕೆ ನಾಚಿಕೆ ಆದ್ರೆ ಬಾಗಿಲೇ ತೆಗೀಬೇಡಿ.