ಚುಕ್ಕಾಣಿಯ ಕೀಲು ಕಿತ್ತವಳು

ನನ್ನ ಮುದ್ದು ಮೊಮ್ಮಗಳೇ, ನಮ್ಮ ವಂಶದ ಮೊದಲ ಸರ್ಕಾರಿ ವಕೀಲೆಯೇ,

ಮೊದಲು ಕೂತುಕೋ. ಕೂತೆಯಾ? ಸರಿ. ನಿನ್ನ ಅಜ್ಜಿಯನ್ನು ಪೊಲೀಸರು ಹಿಡಿದಿದ್ದಾರೆ. ಗಾಬರಿಯಾಗಬೇಡ, ಹಿಡಿಸಿಕೊಳ್ಳುವುದಕ್ಕೆ ನಾನು ಪಟ್ಟದ್ದು ನಾಯಿಪಾಡು. ಠಾಣೆಯ ಬೆಂಚಿನ ಮೇಲೆ ಕೂತು, ಇಲ್ಲಿನ ರೈಟರ್ ಕೊಟ್ಟ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಖುಷಿಯಲ್ಲಿ ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಹೊಂದಿಸಿಕೊಂಡು ಓದು. ನಿನ್ನ ತಾಯಿ ಫೋನಿನಲ್ಲಿ ಅತ್ತು ಕರೆದು ಏನೇನೋ ಹೇಳಿರುತ್ತಾಳೆ. ಅವಳು ಗುಡ್ಡವನ್ನು ಬೆಟ್ಟ ಮಾಡುವವಳು. ನಡೆದದ್ದನ್ನು ನನ್ನಿಂದಲೇ ತಿಳಿದುಕೋ.

ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ ನಿನ್ನ ಮಾವನ ಮರದ ದೋಣಿ ಗೊತ್ತಲ್ಲ? ಅದರ ಹಲಗೆಗಳ ಸಂದಿಗೆ ಹತ್ತಿ ತುರುಕಿ, ರಾಳ ಬಳಿದು, ನೀರು ಒಸರದಂತೆ ನೋಡಿಕೊಳ್ಳುವವಳು ನಾನೇ. ಹೋದ ವಾರ ಹಿಂಬದಿಯ ಸಂದಿ ಕೆದಕುತ್ತಿದ್ದಾಗ ಉಳಿ ಮಾಗಿದ ಬಾಳೆಹಣ್ಣಿಗೆ ಇಳಿದ ಹಾಗೆ ಹಲಗೆಯೊಳಗೆ ಇಳಿದುಬಿಟ್ಟಿತು. ಮರ ಒಳಗೊಳಗೇ ಕೊಳೆತಿತ್ತು. ನಿನ್ನ ಮಾವನಿಗೆ ಹೇಳಿದೆ. "ದೋಣಿ ಚೆನ್ನಾಗಿದೆ ಅಂತ ಸರ್ಟಿಫಿಕೇಟೇ ಇದೆಯಲ್ಲಮ್ಮ. ರಜೆಯ ರಶ್ ಮುಗೀಲಿ, ಆಮೇಲೆ ನೋಡೋಣ" ಅಂದ. ಮತ್ತೆ ಹೇಳಿದೆ. "ನಿಂಗೆ ವಯಸ್ಸಾಯ್ತು, ಎಲ್ಲಾ ಕೊಳೆತ ಹಾಗೇ ಕಾಣುತ್ತೆ" ಅಂದ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ನಿನ್ನ ಅಜ್ಜನಿಗೂ ಒಮ್ಮೆ ಅವರ ದೋಣಿಯ ಬಗ್ಗೆ ಹೀಗೇ ಹೇಳಿದ್ದೆ ಕಣೇ. ನಕ್ಕು, ಚಪ್ಪಲಿ ಮೆಟ್ಟಿ ಹೊರಟರು. ಜೊತೆಗೆ ಹೋದವರಲ್ಲಿ ಕೆಲವರು ಈಜಿ ದಡ ಸೇರಿದರು. ಅವರು ಸೇರಲಿಲ್ಲ. ನಿನ್ನ ಮಾವನಿಗೆ ಆಗ ಇನ್ನೂ ಹಾಲುಹಲ್ಲು. ಆ ನಗುವಿನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಭಾನುವಾರ ಬೆಳಿಗ್ಗೆ ಜನವೋ ಜನ. ಮಕ್ಕಳು ಮರಿ, ಮೂಟೆ, ಸೈಕಲ್ಲು, ಎಲ್ಲರಿಗೂ ಆಚೆ ದಡದ ಸಂತೆಯ ಅವಸರ. ನಿನ್ನ ಮಾವನಿಗೆ ಒಂದು ಒಳ್ಳೆಯ ಅಭ್ಯಾಸ ಇದೆ, ಜನ ಹತ್ತುವ ಮೊದಲು ಚುಕ್ಕಾಣಿಯ ಚಕ್ರವನ್ನು ಎರಡೂ ಕಡೆ ತಿರುಗಿಸಿ ನೋಡುತ್ತಾನೆ. ಅದನ್ನೇ ನಂಬಿ ನಾನು ಮುಂಚಿತವಾಗಿ ಹೋಗಿ ಚುಕ್ಕಾಣಿಯ ಕೀಲು ಕಿತ್ತು ನೀರಿಗೆ ಎಸೆದಿದ್ದೆ. ಅವನು ತಿರುಗಿಸಿದ, ಚಕ್ರ ಬುಗುರಿಯ ಹಾಗೆ ಗಿರಗಿರ ತಿರುಗಿತು. ಒಬ್ಬರೂ ದೋಣಿ ಹತ್ತಲಿಲ್ಲ. ದಡದ ತುಂಬ ಬೈಗುಳ. ಇಂಥ ಕೆಲಸ ಮಾಡಿದವನ ಕೈ ಸೇದಿಹೋಗಲಿ ಎಂದು ಒಬ್ಬಳು ಶಪಿಸಿದಳು. ನಾನೂ ಅವಳ ಜೊತೆ ತಲೆಯಾಡಿಸಿದೆ.

ಎಡವಟ್ಟಾದದ್ದು ಆಮೇಲೆ. ನಿನ್ನ ಮಾವ ಪೊಲೀಸರಿಗೆ ದೂರು ಕೊಟ್ಟ. ಅವರು ಬಂದು, ದಡದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನಮ್ಮ ಕಿಡಿಯಣ್ಣನನ್ನು ಎಳೆದುಕೊಂಡು ಹೋದರು. ಹಿಂದಿನ ದಿನ ದೋಣಿ ಕಟ್ಟುವ ಜಾಗದ ವಿಷಯಕ್ಕೆ ಜಗಳವಾಗಿ, "ನಿನ್ನ ದೋಣಿ ಹೇಗೆ ಹೊರಡುತ್ತೆ ನೋಡ್ತೀನಿ" ಎಂದು ಅವನು ಕೂಗಾಡಿದ್ದನಂತೆ. ದೊಡ್ಡ ದೋಣಿಯನ್ನು ಮುಳುಗಿಸುವ ಇಲ್ಲವೇ ಅಪಾಯಕ್ಕೆ ತಳ್ಳುವ ಉದ್ದೇಶದಿಂದ ಕೆಡಿಸಿದರೆ ಹತ್ತು ವರ್ಷದ ತನಕ ಜೈಲು. ನೀನು ಪರೀಕ್ಷೆಗೆ ಓದುವಾಗ ನಮ್ಮ ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಇದನ್ನೇ ಉರು ಹೊಡೆಯುತ್ತಿದ್ದೆಯಲ್ಲ, ನನಗೂ ಬಾಯಿಪಾಠವಾಗಿತ್ತು. ಕಿಡಿಯಣ್ಣನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಾದು ಹೋದದ್ದನ್ನು ನೋಡಿದೆ. ನೆಟ್ಟಗೆ ಠಾಣೆಗೆ ನಡೆದೆ.

ನಾನೇ ಮಾಡಿದ್ದು ಎಂದೆ. ಇನ್ಸ್‌ಪೆಕ್ಟರು ಟೀ ತರಿಸಿದರು. "ಅಜ್ಜಿ, ಅಂಥ ಕೀಲು ಇಬ್ಬರು ಗಂಡಸರು ಸೇರಿದ್ರೂ ಅಲ್ಲಾಡಲ್ಲ. ಇದನ್ನ ಕುಡಿದು ಮನೆಗೆ ಹೋಗಿ ಮಲ್ಕೊಳ್ಳಿ" ಅಂದರು. ನಿನ್ನ ಮಾವನನ್ನು ಕರೆಸಿದರೆ ಅವನೂ "ಅಮ್ಮಂಗೆ ಅರಳು ಮರಳು, ಸಾರ್" ಅಂದುಬಿಟ್ಟ. ಜೀವಮಾನದಲ್ಲಿ ನನಗೆ ಇಷ್ಟು ಅವಮಾನ ಆಗಿರಲಿಲ್ಲ. ನಾನೇ ಅಪರಾಧಿ ಎಂದು ಬಾಯಿ ಬಿಟ್ಟು ಹೇಳಿದರೆ ಬಿಸ್ಕತ್ತು ಬೇಕಾ ಎಂದು ಕೇಳುತ್ತಾರೆ.

ಠಾಣೆಯ ಎದುರಿನ ಕಟ್ಟೆಗೇ ಪೊಲೀಸರ ದೋಣಿ ಕಟ್ಟಿತ್ತು. ಟೀ ಲೋಟ ಕೆಳಗಿಟ್ಟು, ಚೀಲದಿಂದ ಮರದ ಸುತ್ತಿಗೆ, ಉಳಿ, ಎಣ್ಣೆ ತೆಗೆದುಕೊಂಡು ಅದಕ್ಕೆ ಹತ್ತಿದೆ. ಚುಕ್ಕಾಣಿಯ ಕೀಲಿಗೆ ಎಣ್ಣೆ ಬಿಟ್ಟೆ, ತಾಳ್ಮೆಯಿಂದ ಕೆಳಗಿನಿಂದ ತಟ್ಟಿದೆ, ಇನ್ನೊಮ್ಮೆ ತಟ್ಟಿದೆ. ಅವರೆಲ್ಲ "ಅಜ್ಜೀ, ಅಜ್ಜೀ" ಎನ್ನುತ್ತ ಓಡಿಬರುವಷ್ಟರಲ್ಲಿ ಕೀಲು ನನ್ನ ಅಂಗೈಯಲ್ಲಿತ್ತು. "ತಗೊಳ್ಳಿ, ಇದು ನಿಮ್ಮದು" ಎಂದು ಇನ್ಸ್‌ಪೆಕ್ಟರ ಕೈಗಿತ್ತೆ. ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ನೀನಿರಬೇಕಿತ್ತು.

ಹಾಗಾಗಿ ಈಗ ನನ್ನ ಮೇಲೆ ಒಂದಲ್ಲ, ಎರಡು ಕೇಸು. ಕಿಡಿಯಣ್ಣನನ್ನು ಬಿಟ್ಟರು. ಹೋಗುವಾಗ, "ಏನಜ್ಜಿ ನೀವು, ಎಲ್ಲರೂ ನನ್ನ ಕಂಡು ಹೆದರೋಕೆ ಶುರು ಮಾಡಿದ್ರು, ಹಾಳು ಮಾಡಿದ್ರಿ" ಎಂದು ನಕ್ಕ. ಕಣ್ಣು ಮಾತ್ರ ಒದ್ದೆಯಾಗಿತ್ತು.

ಆಮೇಲೆ ನಿನ್ನ ಮಾವ ಬಂದು ಪಕ್ಕದಲ್ಲಿ ಕೂತ. "ಕಂಪ್ಲೇಂಟ್ ವಾಪಸ್ ತಗೊಳ್ತೀನಿ, ಮನೆಗೆ ನಡಿಯಮ್ಮ" ಅಂದ. ನನ್ನ ಕರುಳು ಚುರ್ ಅಂತು, ಎಷ್ಟಾದರೂ ಹೆತ್ತ ಮಗ. ಅಷ್ಟರಲ್ಲಿ, "ನಾಳೆಯಿಂದ ದೋಣಿ ಓಡಿಸ್ಬೇಕು" ಎಂದು ಸೇರಿಸಿದ. ಎದ್ದು ಒಂದು ಬಾರಿಸೋಣ ಅನ್ನಿಸಿತು. ಆಗ ನಮ್ಮ ರೈಟರ್ ತಲೆಯೆತ್ತದೇ ಹೇಳಿದ ಮಾತು ಕೇಳು: "ಇಂಥ ಕೇಸನ್ನ ಹಾಗೆಲ್ಲ ವಾಪಸ್ ತಗೊಳ್ಳೋಕಾಗಲ್ಲ ಸ್ವಾಮಿ. ದೋಣಿ ಈಗ ಸಾಕ್ಷ್ಯ. ಕೇಸ್ ಮುಗಿಯೋವರೆಗೂ ಅಲ್ಲಾಡಿಸೋ ಹಾಗಿಲ್ಲ."

ಕೇಸು ಮುಗಿಯುವವರೆಗೂ! ಅಯ್ಯೋ ನನ್ನ ರಾಜಾ ಅನ್ನಿಸಿತು. ಹೇಳಿ ಹೇಳಿ ನನ್ನ ಗಂಟಲು ಒಣಗಿದರೂ ಆಗದ್ದನ್ನು ನಿಮ್ಮ ಕಾನೂನು ಒಂದೇ ಏಟಿಗೆ ಮಾಡಿಬಿಟ್ಟಿತಲ್ಲೇ.

ಅದಕ್ಕೇ ಈ ಕಾಗದ. ಸಂಬಂಧಿಕಳಾದ್ದರಿಂದ ನನ್ನ ಕೇಸನ್ನು ನೀನು ನಡೆಸುವ ಹಾಗಿಲ್ಲವಂತೆ, ಇರಲಿ. ನಡೆಸುವವರ ಕಿವಿಗೆ ಒಂದು ಮಾತು ಹಾಕು. ಅವಸರ ಬೇಡ. ವಾಯಿದೆ ಮೇಲೆ ವಾಯಿದೆ ಕೇಳಲಿ, ನಿಮ್ಮವರಿಗೆ ಅದನ್ನೇನು ಹೊಸದಾಗಿ ಕಲಿಸಬೇಕೇ? ಜಾಮೀನು ಬೇಕಾದರೆ ಕೊಡಿಸು, ಈ ಬೆಂಚು ಬಲು ಗಟ್ಟಿ. ಅಪಾಯ ಮಾಡುವ ಉದ್ದೇಶ ನನಗಿರಲಿಲ್ಲ ಎಂದು ಹೇಳಿಬಿಟ್ಟರೆ ಬೇಗ ಬಿಡಬಹುದು ಅನ್ನುತ್ತಾನೆ ರೈಟರ್. ಹಾಗಿದ್ದರೆ ಸದ್ಯಕ್ಕೆ ನಾನು ಬಾಯಿಗೆ ಬೀಗ ಹಾಕಿದೆ. ನಿನ್ನ ಮಾವ ಆ ಹಲಗೆ ಬದಲಿಸುತ್ತೇನೆ ಎಂದು ಒಪ್ಪಿದ ದಿನ ಬೀಗ ತೆಗೆಯುತ್ತೇನೆ. ಅವನು ಹಠಮಾರಿ. ಆದರೆ ಅವನನ್ನು ಹೆತ್ತವಳು ನಾನು.

ಒಂದೇ ಒಂದು ತೊಡಕು. ಆರೋಪಿ ಸತ್ತರೆ ಕೇಸು ಅಲ್ಲಿಗೇ ಮುಗಿದು, ದೋಣಿ ಇದ್ದ ಹಾಗೇ ಮಾಲೀಕನ ಕೈಗೆ ಹೋಗುತ್ತದಂತೆ. ಎಷ್ಟೋ ವರ್ಷಗಳಿಂದ ಸಾಕಪ್ಪಾ, ಕರೆದುಕೋ ಎಂದು ದೇವರ ತಲೆ ತಿನ್ನುತ್ತಿದ್ದೆ. ಡಾಕ್ಟರು ಬರೆದುಕೊಟ್ಟ ರಕ್ತದೊತ್ತಡದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತಿದ್ದೆ. ಇವತ್ತು ನಿನ್ನ ಮಾವನನ್ನೇ ಅಟ್ಟಿ ಮಾತ್ರೆ ತರಿಸಿಕೊಂಡು, ಅವನ ಎದುರೇ ನುಂಗಿದೆ.

ನಿಮ್ಮ ಸರ್ಕಾರಿ ಕಡೆಯವರು ಎಲ್ಲ ಕೇಸುಗಳಲ್ಲೂ ಬೇಗ ಗೆಲ್ಲಲಿ, ಇದೊಂದನ್ನು ಬಿಟ್ಟು. ನೂರು ಕಾಲ ಬಾಳು ಕಂದಾ, ನಾನೂ ಆದಷ್ಟು ಪ್ರಯತ್ನಪಡುತ್ತೇನೆ.

ನಿನ್ನ ಪ್ರೀತಿಯ ಆರೋಪಿ,
ಅಜ್ಜಿ