ಎದುರು ಮಾತಾಡದ ಹುಡುಗಿ

ತುಮಕೂರು
2 ಮಾರ್ಚ್ 2025, ಭಾನುವಾರ

ಪ್ರೀತಿಯ ಚಿಕ್ಕಮ್ಮಾ,

ನಿನ್ನ ಮೋನಿಯ ನಮಸ್ಕಾರ. ಅಜ್ಜಿಯ ಮಂಡಿ ಒಂದನ್ನು ಬಿಟ್ಟು ಇಲ್ಲಿ ಉಳಿದದ್ದೆಲ್ಲ ಚೆನ್ನಾಗಿದೆ. ಈ ಕಾಗದವನ್ನು ತಿಂಗಳ ಹಿಂದೆಯೇ ಬರೆಯಬೇಕಿತ್ತು, ಬರೆಯಲಿಲ್ಲ, ಸಾರಿ. ಎಕ್ಸಾಮ್ ಇತ್ತು ಅಂತ ಹೇಳಬಹುದು. ಆದರೆ ಎಕ್ಸಾಮ್ ಮುಗಿದು ಎಷ್ಟೋ ದಿನವಾಯಿತು, ಅದು ನಿನಗೂ ಗೊತ್ತು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ಕುಣಿಗಲ್‌ನ ಮನೆಗೆ ಹೋದರೆ ಅಮ್ಮ ಫೋನನ್ನು ಸ್ಪೀಕರ್‌ಗೆ ಹಾಕಿ ಅಕ್ಕಿ ಡಬ್ಬಕ್ಕೆ ಒರಗಿಸುತ್ತಾಳೆ. ಅಜ್ಜಿ "ಪ್ರಮೀಳಾ, ಉಂಡ್ಯೇನೇ?" ಅಂತ ಆಸ್ಟ್ರೇಲಿಯಾಕ್ಕೆ ಕೇಳುವ ಹಾಗೆ ಕೂಗುತ್ತಾಳೆ, ನೀನು "ಉಂಡೆ ಕಣವ್ವ" ಅನ್ನುತ್ತೀಯ, ಅಲ್ಲಿಗೆ ಮುಗಿಯಿತು. ಹಾಸ್ಟೆಲ್ ರೂಮಿನಲ್ಲಿ ಇನ್ನೂ ಮೂವರ ಕಿವಿ ಇದೆ. ವಾಟ್ಸಾಪ್‌ನಲ್ಲಿ ಟೈಪ್ ಮಾಡಿದ್ದನ್ನೆಲ್ಲ ನಾನೇ ಅಳಿಸಿಬಿಡುತ್ತೇನೆ. ಚೇಳೂರಿನ ಹತ್ತಿರ ರೆಸಿಡೆನ್ಷಿಯಲ್ ಸ್ಕೂಲಿನಲ್ಲಿದ್ದಾಗ ಭಾನುವಾರ ಭಾನುವಾರ ನಿನಗೆ ಕಾಗದ ಬರೆಯುತ್ತಿದ್ದೆನಲ್ಲ, ಪೆನ್ನು ಹಿಡಿದರೆ ಹೇಗೋ ಬಂದುಬಿಡುತ್ತದೆ. ಪೋಸ್ಟಿಗೆ ಹಾಕುವಷ್ಟು ಟೈಮ್ ಇಲ್ಲ, ಪುಟಗಳ ಫೋಟೋ ತೆಗೆದು ಕಳಿಸುತ್ತಿದ್ದೇನೆ. ಅಕ್ಷರ ನೋಡಿ ಬೈಯಬೇಡ.

ಜನವರಿಯಲ್ಲಿ ಆ ಅಡಿಲೇಡ್ ಕಂಪನಿಯಿಂದ ಬಂದ ಇ-ಮೇಲನ್ನು ನೀನು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. ಇಂಟರ್‌ವ್ಯೂ ಎಲ್ಲ ಚೆನ್ನಾಗಿ ಆಗಿ, ಸಂಬಳದ ಮಾತೂ ಆಗಿ, ಕೊನೆಗೆ ಕೆಲಸ ಇಲ್ಲ ಅಂತ ಹೀಗೆ: ಸೈಟಿನಲ್ಲಿ ತಾವೇ ನಿರ್ಧಾರ ತೆಗೆದುಕೊಳ್ಳುವವರು, ಬೇಡ ಅನ್ನಬೇಕಾದಾಗ ಬೇಡ ಅನ್ನುವವರು ನಮಗೆ ಬೇಕು, ನೀವಾದರೆ ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುವವರು ಎಂದು ನಿಮ್ಮ ರೆಫರೆನ್ಸ್‌ನಿಂದ ತಿಳಿಯಿತು. ಅದರ ಕೆಳಗೆ ನೀನು "ನಾನಂತೆ, ಹೇಳಿದ ಮಾತು ಕೇಳೋಳು! ಇವರಿಗೆ ಯಾರು ಹೇಳಿದರೋ!" ಅಂತ ಬರೆದು ನಗುವ ಮುಖ ಹಾಕಿದ್ದೆ. ಅಮ್ಮ ಕೈಮುಗಿಯುವ ಚಿತ್ರ ಹಾಕಿದಳು. ನಾನು ಏನೂ ಹಾಕಲಿಲ್ಲ.

ಯಾರು ಹೇಳಿದರು ಅಂತ ನನಗೆ ಗೊತ್ತು ಚಿಕ್ಕಮ್ಮ. ನಾನು ಅಲ್ಲೇ ಇದ್ದೆ.

ರೆಫರೆನ್ಸ್‌ಗೆ ನೀನು ಸಿದ್ದಗಂಗಯ್ಯ ಸರ್ ಹೆಸರು ಕೊಟ್ಟಿದ್ದೆ. ಹಿರೇಹಳ್ಳಿಯ ಅವರ ಫ್ಯಾಕ್ಟರಿಯಲ್ಲಿ ಇಷ್ಟು ವರ್ಷ ಮೆಷಿನ್‌ಗಳಿಗೆ ಪ್ರೋಗ್ರಾಂ ಬರೆದವಳು ನೀನು, ಇನ್ಯಾರ ಹೆಸರು ಕೊಡುತ್ತೀಯ? ಆದರೆ ಇಂಗ್ಲಿಷ್ ಫೋನ್ ಅಂದರೆ ಅವರಿಗೆ ಜ್ವರ. ಅಮ್ಮನಿಗೆ ಫೋನ್ ಮಾಡಿ "ನಿಮ್ ಹುಡ್ಗೀನ ಕಳ್ಸಿಕೊಡವ್ವ, ಇಂಜಿನಿಯರಿಂಗ್ ಓದ್ತಾವ್ಳಲ್ಲ, ಅವ್ಳೇ ಮಾತಾಡ್ಲಿ" ಅಂದರು. ನಿನಗೆ ಗೊತ್ತಾದರೆ ಟೆನ್ಷನ್ ಮಾಡಿಕೊಳ್ಳುತ್ತೀಯ ಅಂತ ಅಮ್ಮ ಹೇಳಬೇಡ ಅಂದಳು. ನಾನು ಸರಿ ಅಂದೆ. ನಾನು ಯಾವಾಗಲೂ ಸರಿ ಅನ್ನುತ್ತೇನೆ.

ಅವತ್ತು ಬೆಳಿಗ್ಗೆ ಗುಬ್ಬಿಯ ಅವರ ಮನೆಗೆ ಹೋದರೆ ಸರ್ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿ, ವಿಭೂತಿ ಇಟ್ಟುಕೊಂಡು, ಸೋಫಾದ ತುದಿಯಲ್ಲಿ ಕೂತಿದ್ದರು. ಆಂಟಿ ಕೋಡುಬಳೆ ತಂದಿಟ್ಟರು. ಟಿವಿ ಆರಿಸಿದರು, ಸದ್ದು ಮಾಡುತ್ತದೆ ಅಂತ ಫ್ಯಾನನ್ನೂ ಆರಿಸಿದರು. ಹೆಣ್ಣಿನ ವಿಷಯ ವಿಚಾರಿಸಲು ಗಂಡಿನ ಕಡೆಯವರು ಪಕ್ಕದ ಮನೆಗೆ ಬರುತ್ತಾರಲ್ಲ, ಹಾಗಿತ್ತು ಆ ಮನೆ. ನನಗೆ ಅಲ್ಲೇ ಹೊಳೆಯಬೇಕಿತ್ತು.

ಕಂಪನಿಯಿಂದ ಮಾತಾಡಿದವಳು ಹೆಲೆನ್ ಅಂತ. ಅವಳ ಆಕ್ಸೆಂಟ್ ನನಗೆ ಅರ್ಧ ಅರ್ಥವಾಗಲಿಲ್ಲ. ಪ್ರಮೀಳಾ ಹೇಗೆ ಕೆಲಸ ಮಾಡುತ್ತಿದ್ದರು ಅಂತ ಕೇಳಿದಳು.

"ಬಂಗಾರದಂಥ ಹುಡ್ಗಿ ಅನ್ನು," ಅಂದರು ಸರ್. "ಒಳ್ಳೇ ಮನೆತನ. ತಂದೆ ಇಲ್ಲ, ತಾಯೀನ ಅವ್ಳೇ ನೋಡ್ಕೊಂಡವ್ಳೆ. ತಲೆ ಎತ್ತಿ ಮಾತಾಡ್ದೋಳಲ್ಲ."

ಹೇಳಿದೆ. ಸಂಬಳದ ವಿಷಯ ಅವಳು ಕೇಳಿಯೇ ಇರಲಿಲ್ಲ, ಸರ್ ತಾವಾಗಿಯೇ "ಇಷ್ಟೇ ಕೊಡಿ ಅಂತ ಬಾಯ್ಬಿಟ್ಟು ಕೇಳೋಳಲ್ಲ, ಕೊಟ್ಟಷ್ಟು ತಗೋತಾಳೆ. ಅದ್ನೂ ಸೇರಿಸವ್ವ" ಅಂದರು. ಸೇರಿಸಿದೆ.

ಆಮೇಲೆ ಹೆಲೆನ್ ಕೇಳಿದಳು: ಪ್ರಮೀಳಾ ನಿಮ್ಮ ಮಾತನ್ನು ಒಪ್ಪದೆ ಎದುರು ನಿಂತದ್ದು ಯಾವಾಗಲಾದರೂ ಇದೆಯೇ, ಒಂದು ಸಂದರ್ಭ ಹೇಳಿ.

ನನಗೆ ತಕ್ಷಣ ಬೀಗ ನೆನಪಾಯಿತು. ಅದು ನಿನ್ನದೇ ಕತೆ, ಆದರೆ ನನಗೆ ಹೇಗೆ ಕಂಡಿತ್ತು ಅಂತ ನಿನಗೆ ಗೊತ್ತಿಲ್ಲ. ನಾನು ಒಂಬತ್ತನೇ ಕ್ಲಾಸು, ದಸರಾ ರಜೆಗೆ ತುಮಕೂರಿನ ನಿನ್ನ ರೂಮಿಗೆ ಬಂದಿದ್ದೆ. ಮಧ್ಯಾಹ್ನವೇ ಮನೆಗೆ ಬಂದ ನೀನು ಒಂದು ಕೀಯನ್ನು ದೇವರ ಫೋಟೋ ಮುಂದಿಟ್ಟು, ಹೆಲ್ಮೆಟ್ ಕೂಡ ತೆಗೆಯದೆ ಮಂಚದ ಮೇಲೆ ಕೂತೆ. ಪ್ರೆಸ್ ಮೆಷಿನ್ನಿನ ಬಾಗಿಲು ಮುಚ್ಚಿದರೆ ಮಾತ್ರ ಅದು ಓಡುವ ಹಾಗೆ ನೀನು ಪ್ರೋಗ್ರಾಂ ಬರೆದಿದ್ದೆ. ಆರ್ಡರ್ ಅರ್ಜೆಂಟ್ ಅಂತ ಸರ್ ಬಾಗಿಲಿನ ಸ್ವಿಚ್ಚಿಗೆ ತಂತಿ ಕಟ್ಟಿಸಿ, ತೆರೆದಿದ್ದರೂ ಓಡುವ ಹಾಗೆ ಮಾಡಿದ್ದರು. ಆಪರೇಟರ್ ಅಂಜನ್‌ಕುಮಾರ್ ಅಣ್ಣ ಓಡುವ ಮೆಷಿನ್ನಿಗೆ ಕೈ ಹಾಕಿ ಪೀಸ್ ತೆಗೆಯುತ್ತಿದ್ದರು. ನೀನು ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ಬೀಗ ಜಡಿದು, ಕೀಯನ್ನು ಬ್ಯಾಗಿಗೆ ಹಾಕಿಕೊಂಡಿದ್ದೆ. ಸರ್ ಎಲ್ಲರ ಮುಂದೆ "ನನ್ ಮೆಷಿನ್ ನಿಲ್ಸೋಕೆ ನೀನ್ಯಾರೇ?" ಅಂತ ಕೂಗಿದರಂತೆ. "ಮೆಷಿನ್ ನಿಮ್ದು ಸರ್, ಅವ್ರ ಕೈ ನಿಮ್ದಲ್ಲ" ಅಂದೆಯಂತೆ ನೀನು. ತಂತಿ ಬಿಚ್ಚಿಸಿದ ಮೇಲೆಯೇ ನೀನು ಕೆಲಸಕ್ಕೆ ಹೋದದ್ದು. ಅಲ್ಲಿಯವರೆಗೂ ಆ ಕೀ ದೇವರ ಮುಂದೆಯೇ ಇತ್ತು. ನಾನು ದಿನಾ ಅದನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಡುತ್ತಿದ್ದೆ.

"ಸರ್, ಆ ಬೀಗ," ಅಂತ ಪಿಸುಗುಟ್ಟಿದೆ. ಸರ್ ನನ್ನ ಮೊಣಕೈ ಅದುಮಿದರು. "ಅದೆಲ್ಲ ಬ್ಯಾಡ. ಒಂದಿನಾನೂ ಎದುರುತ್ತರ ಕೊಟ್ಟಿಲ್ಲ ಅನ್ನು."

ಹೆಲೆನ್ ಬಿಡಲಿಲ್ಲ, ಚಿಕ್ಕ ವಿಷಯವಾದರೂ ಪರವಾಗಿಲ್ಲ ಅಂದಳು. ಅಡುಗೆಮನೆಯಿಂದ ಆಂಟಿ "ಇಲ್ಲ ಅನ್ನವ್ವ, ಇಲ್ಲ ಅನ್ನು" ಅಂದರು.

"ನೆವರ್, ಮ್ಯಾಮ್," ಅಂದೆ. ಆ ಕಡೆ ಕೀಬೋರ್ಡಿನ ಸದ್ದು ನಿಂತಿತು.

ಫೋನ್ ಇಟ್ಟ ಮೇಲೆ ಸರ್ ಹಣೆ ಒರೆಸಿಕೊಂಡು, "ಒಂದ್ ಕುಂದು ಹೇಳ್ಲಿಲ್ಲ ನೋಡು ನಾನು. ಪ್ರಮೀಳಾ ಗೆದ್ಲು ಬುಡು" ಅಂದರು. ಎಲ್ಲರೂ ಕೋಡುಬಳೆ ತಿಂದೆವು.

ಯಾರ ಮೇಲೆ ಸಿಟ್ಟು ಮಾಡಬೇಕು ಅಂತಲೇ ನನಗೆ ಗೊತ್ತಾಗುತ್ತಿಲ್ಲ. ಸರ್ ಮೇಲೆ ಮಾಡೋಣ ಅಂದರೆ ಅವರು ನಿನಗೆ ಒಳ್ಳೆಯದಾಗಲಿ ಅಂತಲೇ ಹೇಳಿದ್ದು. ಹೆಲೆನ್ ಕೇಳಿದ್ದೂ ತಪ್ಪಲ್ಲ. ಅವಳಿಗಿಂತ ಮುಂಚಿನ ಕಂಪನಿಗಳು ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ ಅಂದವು. ಯಾರೂ ಕೆಲಸ ಕೊಡದೆ ಅದು ಎಲ್ಲಿಂದ ಬರಬೇಕು? ಆ ಆಸ್ಪತ್ರೆ ಲಾಂಡ್ರಿಯಲ್ಲಿ ನೀನು ಬೆಡ್‌ಶೀಟ್ ಮಡಚುತ್ತಿರುವುದು ಅಲ್ಲಿಯ ಲೆಕ್ಕದಲ್ಲಿ ಎಕ್ಸ್‌ಪೀರಿಯನ್ಸ್ ಅಲ್ಲವಂತೆ. ಮೆಷಿನ್ ನಿಂತಾಗ ಸೆನ್ಸರ್ ಮೇಲೆ ಧೂಳು ಕೂತಿದೆ ಅಂತ ನೀನು ಹೇಳಿದರೆ, ಅದು ನಿನ್ನ ಕೆಲಸವಲ್ಲ ಅಂದನಂತೆ ಸೂಪರ್‌ವೈಸರ್. ಅದನ್ನು ನೀನು ನಗುತ್ತ ಹೇಳಿದೆ. ನನಗೆ ನಗು ಬರಲಿಲ್ಲ. ಬಾಯಿ ತೆರೆದರೆ ನಿನ್ನ ಕೆಲಸ ನೋಡಿಕೋ ಅನ್ನುತ್ತಾರೆ, ಬಾಯಿ ತೆರೆಯದವಳು ಅಂತ ಗೊತ್ತಾದರೆ ಕೆಲಸವನ್ನೇ ಕೊಡುವುದಿಲ್ಲ. ಮನುಷ್ಯರು ಏನು ಮಾಡಬೇಕು ಹೇಳು!

ನನ್ನ ವಿಷಯಕ್ಕೆ ಬಂದರೆ, "ಮೋನಿಕಾ ಇದ್ದಾಳೋ ಇಲ್ವೋ ಅಂತಾನೇ ಗೊತ್ತಾಗಲ್ಲ" ಅಂತ ಸ್ಕೂಲಿನ ವಾರ್ಡನ್ ಹೊಗಳಿದಾಗ ಅಮ್ಮನಿಗೆ ಎಷ್ಟು ಹೆಮ್ಮೆ! ಮೊನ್ನೆ ಲ್ಯಾಬಿನಲ್ಲಿ ಲೆಕ್ಚರರ್ ಬೋರ್ಡಿನ ಮೇಲೆ ಬರೆದ ಪ್ರೋಗ್ರಾಂ ತಪ್ಪಿತ್ತು. ನನಗೆ ಕಾಣಿಸಿತು. ತಪ್ಪನ್ನೇ ನೀಟಾಗಿ ರೆಕಾರ್ಡಿಗೆ ಇಳಿಸಿಕೊಂಡೆ. ಮುಂದೆ ಯಾರಾದರೂ ಫೋನ್ ಮಾಡಿ ನನ್ನ ಬಗ್ಗೆ ಕೇಳಿದರೂ ಇದೇ ಉತ್ತರ ಸಿಗುತ್ತದೆ. ನಿನ್ನ ವಿಷಯದಲ್ಲಿ ಅದು ಸುಳ್ಳು. ನನ್ನ ವಿಷಯದಲ್ಲಿ ನಿಜ.

ಅದಕ್ಕೇ, ನೀರು ಶುದ್ಧ ಮಾಡುವ ಆ ಪ್ಲಾಂಟಿನ ಕೆಲಸಕ್ಕೆ ಇಂಟರ್‌ವ್ಯೂ ಪಾಸಾಯಿತು, ಸೋಮವಾರ ಸರ್‌ಗೆ ಫೋನ್ ಮಾಡುತ್ತಾರೆ ಅಂತ ನೀನು ಹೇಳಿದಾಗ ಇನ್ನು ಸುಮ್ಮನಿರಬಾರದು ಅನ್ನಿಸಿತು. "ಸಿದ್ದಗಂಗಯ್ಯ ಸರ್ ಇರೋವಾಗ ನಂಗೇನು ಭಯ?" ಅಂದೆ ನೀನು. ಅಮ್ಮ ಹೌದೌದು ಅಂದಳು.

ಶಿವರಾತ್ರಿಯ ಮಾರನೇ ದಿನ ಕ್ಲಾಸ್ ಬಂಕ್ ಮಾಡಿ ಗುಬ್ಬಿ ಬಸ್ ಹತ್ತಿದೆ. ಬಂಕ್ ಮಾಡಿದ್ದು ಜೀವನದಲ್ಲೇ ಮೊದಲು. ಜಾಗರಣೆಯಲ್ಲಿ ನಿದ್ದೆಗೆಟ್ಟು ಸರ್ ಜಗಲಿಯಲ್ಲಿ ತೂಕಡಿಸುತ್ತಿದ್ದರು.

"ಸರ್, ಈ ಸಲ ಬೀಗದ ಕತೆ ಹೇಳ್ಬೇಕು," ಅಂದೆ.

"ಅದ್ಯಾಕವ್ವ? ಜಗಳಗಂಟಿ ಅಂತ ನಾನೇ ಹೆಸ್ರಿಡ್ಲಾ?"

ಆಂಟಿ ಹೊರಗೆ ಬಂದರು. "ಹೆಣ್ ಕೇಳೋಕ್ ಬಂದವ್ರ ಮುಂದೆ ಯಾರಾರ ಇಂಥದ್ ಹೇಳ್ತಾರೇನೇ?"

"ಅವ್ರು ಹೆಣ್ಣು ಕೇಳ್ತಿಲ್ಲ ಆಂಟಿ, ಇಂಜಿನಿಯರ್ ಕೇಳ್ತಿದಾರೆ. ಹೋದ ಸಲ ಕೆಲಸ ತಪ್ಪಿದ್ದೇ ನಾವು ಹೊಗಳಿದ್ದಕ್ಕೆ." ಮೊಬೈಲಿನಲ್ಲಿದ್ದ ಆ ಇ-ಮೇಲನ್ನು ಕನ್ನಡ ಮಾಡಿ ಓದಿದೆ.

ಸರ್ ಮೊಬೈಲ್ ಇಸಿದುಕೊಂಡು ಆ ಇಂಗ್ಲಿಷನ್ನೇ ನೋಡಿದರು. ಆಮೇಲೆ, "ಅವ್ಳು ಸರಿ ಅಂತ ಹೇಳುದ್ರೆ, ತಪ್ಪು ನಂದು ಅಂತ ಆಯ್ತದಲ್ಲ?" ಅಂದರು.

"ಹೌದು ಸರ್," ಅಂದೆ.

ನಾನೇ ಅಂದದ್ದು ಚಿಕ್ಕಮ್ಮ. ಸರ್ ನನ್ನನ್ನು ದಿಟ್ಟಿಸಿ ನೋಡಿ, "ಏನ್ಲೇ, ಚಿಕ್ಕಮ್ಮನ್ ಕೀನ ನೀನ್ ತಗೊಂಡ್ಯಾ?" ಅಂದವರೇ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. "ನಿದ್ದೆಗೆಟ್ಟವ್ರೆ, ನೀನು ಹೋಗ್ ಬಾರವ್ವ" ಅಂತ ಆಂಟಿ ಸಾಗಹಾಕಿದರು.

ಬಸ್ಸಿನಲ್ಲಿ ಸಿಟ್ಟಿಗೇ ಅತ್ತೆ. ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತ, "ಏನಮ್ಮ, ಸಬ್ಜೆಕ್ಟ್ ಹೋಯ್ತಾ?" ಅಂದ. ಹೌದು ಅಂದೆ.

ನಿನ್ನೆ ಬೆಳಿಗ್ಗೆ ಮೆಸ್ಸಿನ ಕ್ಯೂನಲ್ಲಿದ್ದಾಗ ಸರ್ ಫೋನ್ ಬಂತು. ಹಲೋ ಇಲ್ಲ, ಏನಿಲ್ಲ. "ಕೇಳ್ಸ್ಕೋ" ಅಂದವರು, ಸ್ಕೂಲ್ ಮಕ್ಕಳು ಪದ್ಯ ಒಪ್ಪಿಸುವ ಹಾಗೆ ಶುರು ಮಾಡಿದರು. "ಶಿ ಲಾಕ್ ಮೈ ಮೆಷಿನ್. ಫ್ರಂಟ್ ಆಫ್ ಆಲ್ ವರ್ಕರ್ಸ್, ಶಿ ಫೈಟ್ ವಿತ್ ಮಿ. ಐ ಆಮ್ ಓನರ್. ಐ ವಾಸ್ ರಾಂಗ್." ಉಸಿರು ತೆಗೆದುಕೊಂಡು, "ತಿಳೀತದಾ ಅವ್ರಿಗೆ?" ಅಂದರು.

"ಚೆನ್ನಾಗಿ ತಿಳಿಯುತ್ತೆ ಸರ್. ಸೋಮವಾರ ಬೆಳಿಗ್ಗೆ ಬಂದುಬಿಡ್ತೀನಿ."

"ನೀನ್ ಬರ್ಬ್ಯಾಡ. ಈ ಮಾತ್ನ ನಾನೇ ಹೇಳ್ಬೇಕು." ಫೋನ್ ಇಟ್ಟರು ಅಂದುಕೊಂಡೆ, ಇಟ್ಟಿರಲಿಲ್ಲ. "ಅಂಜನ ಇವತ್ತಿಗೂ ಎಲ್ಡೂ ಕೈಯಾಗೆ ಕೆಲ್ಸ ಮಾಡ್ತಾವ್ನೆ. ಅದ್ನೂ ಸೇರಿಸ್ಲಾ?"

"ಸೇರಿಸಿ ಸರ್," ಅಂದೆ.

ಇಷ್ಟು ನಿನಗೆ ಗೊತ್ತಿರಲಿ ಅಂತ ಬರೆದೆ. ನಾಳೆ ಅವರು ನಿನಗೇನಾದರೂ ಬೀಗದ ಬಗ್ಗೆ ಕೇಳಿದರೆ ಗಾಬರಿಯಾಗಬೇಡ, ಇದ್ದದ್ದು ಇದ್ದ ಹಾಗೆ ಹೇಳು. ಅಮ್ಮನಿಗೆ ನಾನು ಬಂಕ್ ಮಾಡಿದ್ದು ಮಾತ್ರ ಹೇಳಬೇಡ. ಹನುಮಮ್ಮಜ್ಜಿ ನಿನಗೆ ಬರೆಯಲು ಹೇಳಿದ ಆಶೀರ್ವಾದ ಇದು, ಅವಳ ಬಾಯಲ್ಲೇ: "ಎಲ್ಲಾರ ಇರ್ಲಿ, ಅವ್ಳ ಮಾತ್ ನಡೀಲಿ, ಹೊತ್ತೊತ್ತಿಗೆ ಉಣ್ಲಿ."

ನಿನ್ನ
ಮೋನಿ

ಮರೆತ ಮಾತು: ಮರೆತದ್ದಲ್ಲ, ಬರೆಯದೆ ಬಿಡೋಣ ಅಂತಿದ್ದೆ. ಆದರೆ ಕೊನೆಯ ಹಾಳೆಯ ಹಿಂಬದಿ ಖಾಲಿ ಇದೆ. ಸೀಟಿಗೆ ಆಪ್ಷನ್ ಹಾಕುವಾಗ ಬೆಂಗಳೂರಿನ ಕಾಲೇಜುಗಳನ್ನೆಲ್ಲ ಕೆಳಗಿಟ್ಟು ತುಮಕೂರನ್ನೇ ಮೇಲೆ ಹಾಕಿದ್ದು ಯಾಕೆ ಅಂತ ನೀನು ಯಾವತ್ತೂ ಕೇಳಲಿಲ್ಲ. ನೀನು ಇಲ್ಲಿದ್ದೀಯ ಅಂತ. ಆರನೇ ಕ್ಲಾಸಿನಿಂದ ಹಾಸ್ಟೆಲ್ಲೇ ಆಯಿತು, ಇನ್ನು ಮೇಲೆ ನಿನ್ನ ರೂಮಿನಲ್ಲಿರಬಹುದು ಅಂತ. ಸೀಟು ಸಿಕ್ಕ ವಾರವೇ ನೀನು ವೀಸಾ ಬಂತು ಅಂದೆ. ನಾನು ಕಂಗ್ರಾಟ್ಸ್ ಅಂದೆ. ಜನವರಿಯಲ್ಲಿ ನಿನಗೆ ಕೆಲಸ ಇಲ್ಲ ಅಂತ ಆ ಇ-ಮೇಲ್ ಬಂದ ದಿನ, ನೀನು ವಾಪಸ್ ಬರಬಹುದು ಅಂತ, ನಾನು ಮೆಸ್ಸಿನಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡೆ. ಈ ಹಾಸ್ಟೆಲ್‌ಗೆ ಸೇರಿದ ಮೇಲೆ ಅವತ್ತೇ ಮೊದಲು. ನಾಳೆ ಸರ್ ಚೆನ್ನಾಗಿ ಮಾತಾಡಲಿ, ನಿನಗೆ ಕೆಲಸ ಸಿಗಲಿ, ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ. ಆದರೆ ಹೋಗುವ ಮೊದಲು ನನ್ನನ್ನು ಒಂದು ಮಾತು ಕೇಳಬೇಕಿತ್ತು ನೀನು.