ಅರಿಸಿನದ ಕಲೆ ಮತ್ತು ನಿಮ್ಮ ಪ್ರಶಸ್ತಿ

ಮಕ್ಕಳ ಪುಸ್ತಕ ಪ್ರಶಸ್ತಿ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ಈ ವರ್ಷ ನೀವು ಪ್ರಶಸ್ತಿ ಕೊಟ್ಟ ಪುಸ್ತಕವನ್ನು ನಮ್ಮ ತಿಗನಾರೆಯ ಮಕ್ಕಳು ಓದಿಯೇ ಇಲ್ಲ. ಓದುತ್ತಿದ್ದ ಪುಸ್ತಕವನ್ನು ನಿಮ್ಮವರು ಹೊತ್ತುಕೊಂಡು ಹೋದರು. ನನ್ನ ತಕರಾರು ಇಷ್ಟೇ. ಇಷ್ಟನ್ನೇ ಬರೆದರೆ ಕಡತಕ್ಕೆ ಸೇರಿಸಿ ಮರೆತುಬಿಡುತ್ತೀರೆಂಬ ಅನುಮಾನದಿಂದ ವಿವರವನ್ನೂ ಬರೆಯುತ್ತಿದ್ದೇನೆ.

‘ಮಕ್ಕಳೇ ತೀರ್ಪುಗಾರರು’ ಎಂದು ಘೋಷಿಸಿ, ಎಂಬತ್ಮೂರರ ದಸರಾ ರಜೆ ಮುಗಿದ ಮೇಲೆ, ಗಡಿಯಾಚೆಯಿಂದ ತಮಿಳು ಸೀಮೆಯ ನಮ್ಮ ಕನ್ನಡ ಶಾಲೆಗೆ ಎರಡು ಪುಸ್ತಕ ಕಳಿಸಿದಿರಿ. ಒಂದರಲ್ಲಿ ಪುಟಪುಟಕ್ಕೂ ಬುದ್ಧಿಮಾತು. ಇನ್ನೊಂದರಲ್ಲಿ, ಕಳೆದುಹೋದ ಕುರಿಮರಿ ಹುಡುಕಿಕೊಂಡು ಕಾಡು ಹೊಕ್ಕ ಹುಡುಗಿಯ ಕಥೆ. ಮೊದಲನೆಯದು ಶಾಲೆಯ ಬೀರುವಿನಲ್ಲಿ ಸುಖವಾಗಿ ನಿದ್ದೆ ಮಾಡಿತು. ಎರಡನೆಯದು ರಂಗಿಯ ಮನೆಗೆ ಹೋಯಿತು, ಏಕೆಂದರೆ ತಡವರಿಸದೆ ಗಟ್ಟಿಯಾಗಿ ಓದುವವಳು ಅವಳೊಬ್ಬಳೇ. ಸಂಜೆಯಾದರೆ ಮಕ್ಕಳೆಲ್ಲ ಅವಳ ಸುತ್ತ, ನಡುವೆ ಕಣ್ಣು ಕಾಣದ ಅವಳ ಅಜ್ಜಿ ಜಡೆಯಮ್ಮ. ಅಜ್ಜಿ ಬಂದು ಕೂರದೆ ಒಂದು ಸಾಲೂ ಮುಂದೆ ಓದಕೂಡದೆಂಬುದು ಅಲ್ಲಿಯ ಕರಾರು. ಚಿತ್ರ ನೋಡುವವರ ಎಳೆದಾಟದಲ್ಲಿ ಪುಸ್ತಕ ಬಿಚ್ಚಿಹೋದಾಗ ರಂಗಿ ತಾಳವಾಡಿಯ ನನ್ನ ಹೊಲಿಗೆ ಅಂಗಡಿಗೆ ತಂದಳು. ದಬ್ಬಳ ಹಾಕಿ ಬೆನ್ನು ಹೊಲಿದುಕೊಟ್ಟೆ. ಓದಲು ಪುರಸೊತ್ತಿರಲಿಲ್ಲ, ದೀಪಾವಳಿ ಬಟ್ಟೆಗಳ ರಾಶಿ ಬಿದ್ದಿತ್ತು.

ಕಥೆ ಮುಗಿಯುವ ಮೊದಲೇ ನಿಮ್ಮ ಜೀಪು ಬಂತು. ಅಂದು ಸಮವಸ್ತ್ರದ ಅಳತೆಗೆಂದು ನಾನು ಶಾಲೆಯಲ್ಲೇ ಇದ್ದೆ. ನಿಮ್ಮ ಪರಿಶೀಲಕರು ಎರಡೂ ಪುಸ್ತಕ ತಿರುಗಿಸಿ ನೋಡಿದರು. ಒಂದು ಹೊಚ್ಚಹೊಸದು. ಇನ್ನೊಂದರ ಮೂಲೆಗಳಲ್ಲಿ ಹಳದಿ ಕಲೆ, ಬೆನ್ನಿಗೆ ನನ್ನ ದಾರ. ಹೊಸದನ್ನು ಎತ್ತಿ ಹಿಡಿದು, ಮಕ್ಕಳು ಗೌರವದಿಂದ ಕಾಪಾಡಿದ ಪುಸ್ತಕ ಇದೇ ಎಂದರು. ಮನೆಯಿಂದ ಪುಸ್ತಕ ತಂದುಕೊಟ್ಟ ರಂಗಿಯ ತಾಯಿ ಪುಟ್ಟಮ್ಮ ಅಲ್ಲೇ ನಿಂತಿದ್ದಳು.

“ಒಸ ಬಟ್ಟೆಗೆ ಅರಿಸ್ಣ ಅಚ್ಚಿ ಉಟ್ಕತೀವಿ ಸಾಮಿ. ಮನೆಗೆ ಬಂದ ಮೊದಲ್ನೆ ಪುಸ್ತಕ, ಅದ್ಕೂ ಅಚ್ಚುದೆ” ಎಂದಳು.

ಅವರು ಕಿವಿಗೆ ಹಾಕಿಕೊಳ್ಳದೆ ಎರಡೂ ಪುಸ್ತಕಗಳನ್ನು ಜೀಪಿಗೆ ಹಾಕಿಕೊಂಡು ಹೊರಟರು. ಹೊಸ ಸೀರೆಯ ಸೆರಗಿಗೆ ನಿಮ್ಮ ತಾಯಿಯೂ ಅರಿಸಿನ ಹಚ್ಚಿದ್ದನ್ನು ನೀವು ನೋಡಿಲ್ಲವೇ? ನಮ್ಮದೆಂದು ಒಪ್ಪಿಕೊಂಡದ್ದಕ್ಕೆ ಹಚ್ಚುವುದು ಅದು. ಮಕ್ಕಳ ಮತ ಇದಕ್ಕಿಂತ ಸ್ಪಷ್ಟವಾಗಿ ಹೇಗಿರಬೇಕಿತ್ತು? ಇನ್ನೊಂದು ಸಂಶಯ: ಗೆದ್ದ ಪುಸ್ತಕದ ಲೇಖಕರು ಅದೇ ಜೀಪಿನ ಹಿಂದಿನ ಸೀಟಿನಲ್ಲಿ ಏಕಿದ್ದರು? ಆನೆ ನೋಡಲು ಬಂದಿದ್ದರಂತೆ. ಮಟಮಟ ಮಧ್ಯಾಹ್ನ, ಶಾಲೆಯ ಅಂಗಳದಲ್ಲಿ, ಯಾವ ಆನೆ ಸ್ವಾಮಿ?

ಪ್ರಶಸ್ತಿಯನ್ನು ಯಾರಿಗೆ ಬೇಕಾದರೂ ಕೊಟ್ಟುಕೊಳ್ಳಿ. ನಮ್ಮ ಪುಸ್ತಕ ವಾಪಸು ಕಳಿಸಿ. ಜಡೆಯಮ್ಮ ಈಗ ಹಾಸಿಗೆ ಹಿಡಿದಿದ್ದಾರೆ. ಹೋದ ವಾರ ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, “ಮರಿ ಸಿಕ್ತೋ ಇಲ್ವೋ, ಅಷ್ಟಾದ್ರೂ ಏಳವ್ವ” ಎಂದರು. ನನಗೆ ಗೊತ್ತಿರಲಿಲ್ಲ.

ಪುಸ್ತಕ ಆಗಲೇ ರದ್ದಿಗೆ ಹೋಗಿದ್ದರೆ ಒಂದು ಕಾರ್ಡು ಸಾಕು. ಮರಿ ಸಿಕ್ಕಿತೋ ಇಲ್ಲವೋ ಬರೆಯಿರಿ. ಎರಡೂ ಪುಸ್ತಕಗಳನ್ನು ಕೊನೆಯವರೆಗೆ ಓದಿಯೇ ತೀರ್ಮಾನಿಸಿದೆವೆಂದು ಪತ್ರಿಕೆಗೆ ಹೇಳಿದ್ದೀರಲ್ಲ, ನಿಮಗದು ಕಷ್ಟವಾಗಲಾರದು.

ಇಂತಿ,
ಹೊಲಿದರೂ ಓದದೆ ಹೋದ, ನಿಮ್ಮ ಕಾರ್ಡಿಗಾಗಿ ಕಾದಿರುವ,
ವಸಂತಮ್ಮ
ಹೊಲಿಗೆ ಅಂಗಡಿ, ತಾಳವಾಡಿ